ನಾರು ನಮ್ಮದು, ಬ್ರೋಮಿನ್ ಮಾತ್ರ ಬೇಡ

ಬಾಳೆ ನಾರು ತೆಗೆಯೋ ಮಷೀನಿನ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದೇ ಇರುತ್ತೆ. ಗೊನೆ ಕಡಿದ ಮೇಲೆ ಉಳಿದ ಕಾಂಡ ಒಂದು ಕಡೆಯಿಂದ ಒಳಗೆ ಹೋಗುತ್ತೆ, ಇನ್ನೊಂದು ಕಡೆಯಿಂದ ರೇಷ್ಮೆಯಂಥ ನಾರು ಬರುತ್ತೆ. ಕೊನೆಗೆ ಒಂದು ಮಾತು: "ಇದರಿಂದ ಕಾರಿನ ಬಾಗಿಲು, ಬಸ್ಸಿನ ಸೀಟು, ಮನೆಯ ಸೀಲಿಂಗು ಎಲ್ಲಾ ಮಾಡಬಹುದು." ಕೆಳಗೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಕೆಜಿಗೆ ಎಷ್ಟು?

ರೇಟು ಕೇಳಲೇಬೇಕು, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳೋ ಕಾಲ ಬಂದಿದೆ. ಆ ಸೀಲಿಂಗಿಗೆ ಬೆಂಕಿ ತಗುಲಿದ್ರೆ ಏನಾಗುತ್ತೆ? ಬೆಂಕಿ ಹಿಡಿಯದ ಹಾಗೆ ಮಾಡೋಕೆ ಅದರೊಳಗೆ ಏನು ಬೆರೆಸಿದ್ದಾರೆ?

ನನ್ನ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀನಿ. ಬಾಳೆ, ತೆಂಗು, ಪುಂಡಿ, ಕತ್ತಾಳೆ, ಅಡಿಕೆ ಸಿಪ್ಪೆ, ಯಾವ ನಾರೇ ಇರಲಿ, ಅದನ್ನ ಹಾಕಿ ಮಾಡಿದ ಪ್ಲಾಸ್ಟಿಕ್ಕಿಗೆ ಬೆಂಕಿ ತಡೆಯೋ ಶಕ್ತಿ ಬೇಕೇ ಬೇಕು. ಆದ್ರೆ ಆ ಶಕ್ತಿ ಬ್ರೋಮಿನ್, ಕ್ಲೋರಿನ್‌ನಂಥ ಹ್ಯಾಲೊಜೆನ್‌ಗಳಿಂದ ಬರಬಾರದು. ದಾರಿ ಬೇರೆ ಇದೆ. ಆ ದಾರಿಯಲ್ಲೇ ಹೋಗಿ ಅಂತ ಕೇಳೋ ಹಕ್ಕು ನಾರು ಕೊಡೋ ನಮಗೂ ಇದೆ. ಮಾರುಕಟ್ಟೆ ಇನ್ನೂ ಎಳೆಯದಿರುವಾಗಲೇ ಕೇಳಬೇಕು. ಬಲಿತ ಮೇಲೆ ನಮ್ಮ ಮಾತು ಯಾರೂ ಕೇಳಲ್ಲ.

ನಾರು ಎಲ್ಲಿಗೆ ಹೋಗುತ್ತೆ, ಎಲ್ಲಿ ನಿಲ್ಲುತ್ತೆ

ಸಿಮೆಂಟಿಗೆ ಕಬ್ಬಿಣದ ಸರಳು ಇದ್ದ ಹಾಗೆ ಪ್ಲಾಸ್ಟಿಕ್ಕಿಗೆ ನಾರು. ಪಾಲಿಪ್ರೊಪಿಲೀನ್ ಅಥವಾ ಯಾವುದಾದರೂ ರೆಸಿನ್ ಒಳಗೆ ಗಿಡದ ನಾರು ಸೇರಿಸಿ ಒತ್ತಿದ್ರೆ ಹಗುರವಾದ, ಗಟ್ಟಿಯಾದ ಹಲಗೆ ಸಿಗುತ್ತೆ. ಗಾಜಿನ ನಾರು, ಅಂದ್ರೆ ಗ್ಲಾಸ್ ಫೈಬರ್ ಮಾಡೋ ಎಷ್ಟೋ ಕೆಲಸವನ್ನ ಇದೂ ಮಾಡುತ್ತೆ, ತೂಕವೂ ಕಡಿಮೆ. ಹೊರದೇಶದ ಕಾರು ಕಂಪನಿಗಳು ಬಾಗಿಲಿನ ಒಳಹಲಗೆಗೆ ಅಗಸೆ ನಾರು, ಕತ್ತಾಳೆ ನಾರು, ಕೆನಾಫ್ ನಾರು ಬಳಸೋಕೆ ಶುರುಮಾಡಿ ಹಲವು ವರ್ಷ ಆಯ್ತು. ಕೆನಾಫ್ ಅಂದ್ರೆ ಯಾವುದೋ ವಿದೇಶಿ ಬೆಳೆ ಅಂದುಕೊಳ್ಳಬೇಡಿ. ನಮ್ಮ ಉತ್ತರ ಕರ್ನಾಟಕದ ಹೊಲದಂಚಿನಲ್ಲಿ ಬೆಳೆದು, ಸೊಪ್ಪನ್ನ ಪಲ್ಯಕ್ಕೂ ನಾರನ್ನ ಹಗ್ಗಕ್ಕೂ ಬಳಸ್ತಿದ್ದ ಪುಂಡಿಯೇ ಅದು.

ಕಾರಿನ ಬಾಗಿಲಿನವರೆಗೆ ದಾರಿ ಸಲೀಸು, ಯಾಕಂದ್ರೆ ಅಲ್ಲಿನ ಬೆಂಕಿ ಪರೀಕ್ಷೆ ಅಷ್ಟು ಬಿಗಿಯಲ್ಲ. ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮ ಕೇಳೋದು ಇಷ್ಟೇ: ಅಡ್ಡ ಹಿಡಿದ ತುಂಡು ನಿಮಿಷಕ್ಕೆ 102 ಮಿಲಿಮೀಟರಿಗಿಂತ ಜೋರಾಗಿ ಉರಿಯಬಾರದು. ಆದ್ರೆ ರೈಲು ಬೋಗಿ, ಸಾರ್ವಜನಿಕ ಕಟ್ಟಡ, ಸ್ವಿಚ್ ಬೋರ್ಡಿನ ಡಬ್ಬಿ, ಇಲ್ಲೆಲ್ಲಾ ಪರೀಕ್ಷೆ ಕಠಿಣ. ಯುಎಲ್ 94 ಅನ್ನೋ ಪರೀಕ್ಷೆಯ ಅತ್ಯುತ್ತಮ ದರ್ಜೆಗಳಲ್ಲಿ ಒಂದಾದ ವಿ-ಝೀರೊ ಸಿಗಬೇಕಾದ್ರೆ, ನೆಟ್ಟಗೆ ತೂಗುಹಾಕಿದ ತುಂಡಿಗೆ ಉರಿ ತಗುಲಿಸಿ ತೆಗೆದ ಮೇಲೆ 10 ಸೆಕೆಂಡಿನೊಳಗೆ ಅದು ತಾನಾಗಿ ಆರಬೇಕು. ಉರಿಯೋ ಹನಿ ಕೆಳಗಿನ ಹತ್ತಿಯ ಮೇಲೆ ಬಿದ್ದು ಅದನ್ನ ಹೊತ್ತಿಸಬಾರದು. ಏನೂ ಬೆರೆಸದ ನಾರು-ಪ್ಲಾಸ್ಟಿಕ್ ಈ ಪರೀಕ್ಷೆಯಲ್ಲಿ ನಿಲ್ಲಲ್ಲ.

ದೀಪದ ಬತ್ತಿಯ ಕಥೆ

ಯಾಕೆ ನಿಲ್ಲಲ್ಲ ಅನ್ನೋದು ದೇವರ ಮುಂದೆ ದೀಪ ಹಚ್ಚಿದವರಿಗೆಲ್ಲ ಅರ್ಥವಾಗುತ್ತೆ. ಬರೀ ಎಣ್ಣೆಗೆ ಕಡ್ಡಿ ಗೀರಿದ್ರೆ ಅದು ಸುಲಭಕ್ಕೆ ಹೊತ್ತಲ್ಲ. ಹತ್ತಿಯ ಬತ್ತಿ ಇಟ್ಟರೆ ಅದು ಎಣ್ಣೆಯನ್ನ ಮೇಲಕ್ಕೆ ಎಳೆದು ಉರಿಗೆ ಕೊಡ್ತಾ ಹೋಗುತ್ತೆ. ನಾರು-ಪ್ಲಾಸ್ಟಿಕ್ಕಿನಲ್ಲೂ ಅದೇ ಆಗೋದು. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಕರಗಿದ ಪ್ಲಾಸ್ಟಿಕ್ಕು ಎಣ್ಣೆಯ ಹಾಗೆ, ನಾರು ಬತ್ತಿಯ ಹಾಗೆ. ಮೇಲಾಗಿ ನಾರಿನೊಳಗಿನ ಹೆಮಿಸೆಲ್ಯುಲೋಸ್ ಮತ್ತು ಸೆಲ್ಯುಲೋಸ್ ಸುಮಾರು 200ರಿಂದ 400 ಡಿಗ್ರಿ ನಡುವೆ ಒಡೆದು ಉರಿಯೋ ಅನಿಲ ಬಿಡುತ್ತವೆ. ಹೀಗಾಗಿ ನಾರು ಸೇರಿಸಿದ ಪ್ಲಾಸ್ಟಿಕ್, ಸೇರಿಸದ ಪ್ಲಾಸ್ಟಿಕ್ಕಿಗಿಂತ ಬೇಗ ಹೊತ್ತಿಕೊಳ್ಳೋದೇ ಹೆಚ್ಚು.

ಇದನ್ನ ಅಳೆಯೋಕೆ ಒಂದು ಸರಳ ಅಂಕಿ ಇದೆ, ಆಕ್ಸಿಜನ್ ಸೂಚ್ಯಂಕ ಅಂತ. ಒಂದು ವಸ್ತು ಉರೀತಾ ಇರೋಕೆ ಸುತ್ತಲಿನ ಗಾಳಿಯಲ್ಲಿ ಕನಿಷ್ಠ ಎಷ್ಟು ಪರ್ಸೆಂಟ್ ಆಕ್ಸಿಜನ್ ಬೇಕು ಅನ್ನೋದೇ ಆ ಅಂಕಿ. ನಾವು ಉಸಿರಾಡೋ ಗಾಳಿಯಲ್ಲಿ ಇರೋದು 21. ಹತ್ತಿ ಬಟ್ಟೆಯ ಸೂಚ್ಯಂಕ ಸುಮಾರು 18, ಪಾಲಿಪ್ರೊಪಿಲೀನ್‌ದೂ 18ರ ಆಸುಪಾಸು. ಅಂದ್ರೆ ಎರಡೂ ಮಾಮೂಲಿ ಗಾಳಿಯಲ್ಲಿ ಆರಾಮಾಗಿ ಉರಿಯುತ್ತವೆ. ಸೂಚ್ಯಂಕ 28ರ ಆಚೆ ಹೋದ್ರೆ ಉರಿ ತೆಗೆದ ತಕ್ಷಣ ಸಾಮಾನ್ಯವಾಗಿ ತಾನಾಗಿ ಆರಿಹೋಗುತ್ತೆ.

ಇದು ಲ್ಯಾಬಿನವರ ತಲೆನೋವು, ರೈತರಿಗೇಕೆ ಅನ್ನಬೇಡಿ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸೊಂದು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ರಸ್ತೆ ಬದಿಯ ಕಟ್ಟೆಗೆ ಬಡಿದು ಹೊತ್ತಿ ಉರಿಯಿತು. 45 ಜನ ಸತ್ತರು. ಆ ಬೆಂಕಿಗೂ ಗಿಡದ ನಾರಿಗೂ ಸಂಬಂಧವಿಲ್ಲ. ಆದ್ರೆ ಯಾವುದೇ ಬಸ್ಸಿಗೆ ಬೆಂಕಿ ಬಿದ್ದಾಗ ಒಳಗಿದ್ದವರಿಗೆ ಹೊರಗೆ ಬರೋಕೆ ಎಷ್ಟು ಹೊತ್ತು ಸಿಗುತ್ತೆ ಅನ್ನೋದನ್ನ ಸೀಟು, ಹಲಗೆ, ಪರದೆ ಎಷ್ಟು ಬೇಗ ಹೊತ್ತುತ್ತೆ, ಎಷ್ಟು ಹೊಗೆ ಬಿಡುತ್ತೆ ಅನ್ನೋದೂ ತೀರ್ಮಾನ ಮಾಡುತ್ತೆ. ನಾಳೆ ಅಂಥದ್ದೇ ಒಂದು ಹಲಗೆಯಲ್ಲಿ ನನ್ನ ತೋಟದ ನಾರು ಇರಬಹುದು. ಬೆಂಕಿ ತಡೆ ಬೇಡವೇ ಬೇಡ, ಎಲ್ಲಾ ನೈಸರ್ಗಿಕವಾಗಿರಲಿ ಅನ್ನೋ ವಾದವನ್ನ ನಾನು ಒಪ್ಪಲ್ಲ.

ಅಡ್ಡದಾರಿ: ಬ್ರೋಮಿನ್

ಸುಲಭದ ದಾರಿ ಹ್ಯಾಲೊಜೆನ್. ಬ್ರೋಮಿನ್ ಇರೋ ರಾಸಾಯನಿಕವನ್ನ ಪ್ಲಾಸ್ಟಿಕ್ಕಿಗೆ ಬೆರೆಸಿ, ಜೊತೆಗೆ ಆಂಟಿಮನಿ ಆಕ್ಸೈಡ್ ಹಾಕ್ತಾರೆ. ಬಿಸಿಯಾದಾಗ ಬ್ರೋಮಿನ್ ಬಿಡುಗಡೆಯಾಗಿ, ಜ್ವಾಲೆಯೊಳಗೆ ಉರಿಯನ್ನ ಮುಂದಕ್ಕೆ ದಾಟಿಸೋ ಚುರುಕು ಕಣಗಳನ್ನ ಹಿಡಿದುಹಾಕುತ್ತೆ. ಜ್ವಾಲೆ ಅರ್ಧದಲ್ಲೇ ಸಾಯುತ್ತೆ. ಸ್ವಲ್ಪ ಹಾಕಿದ್ರೂ ಕೆಲಸ ಮಾಡುತ್ತೆ, ಹಲಗೆಯ ತೂಕ ಹೆಚ್ಚು ಏರಲ್ಲ. ಕಂಪನಿಗಳಿಗೆ ಇಷ್ಟವಾಗೋದು ಇದಕ್ಕೇ.

ತೊಂದರೆ ಮೂರು. ಒಂದು, ಉರಿ ಅರ್ಧಕ್ಕೆ ನಿಂತಾಗ ದಟ್ಟ ಹೊಗೆ, ಕಾರ್ಬನ್ ಮಾನಾಕ್ಸೈಡ್ ಮತ್ತು ಕಣ್ಣು-ಗಂಟಲು ಸುಡೋ ಆಮ್ಲದ ಅನಿಲ ಬರುತ್ತೆ. ಬೆಂಕಿ ಅನಾಹುತಗಳಲ್ಲಿ ಸುಟ್ಟು ಸಾಯೋರ ಜೊತೆಗೆ ಹೊಗೆ ಕುಡಿದು ಸಾಯೋರೂ ಬಹಳ. ಎರಡು, ಇಂಥ ಎಷ್ಟೋ ರಾಸಾಯನಿಕಗಳು ಮಣ್ಣಿನಲ್ಲಿ ಕರಗದೆ ಉಳಿದು, ಪ್ರಾಣಿಗಳ ಕೊಬ್ಬಿನಲ್ಲಿ ಕೂತುಬಿಡುತ್ತವೆ. ಮೂರು, ಹಳೆಯದಾದ ಮೇಲೆ ಬಯಲಲ್ಲಿ ಸುಟ್ಟರೆ ಡಯಾಕ್ಸಿನ್, ಫ್ಯೂರಾನ್ ಗುಂಪಿನ ವಿಷಗಳು ಹುಟ್ಟಬಹುದು.

ಕೊಬ್ಬಿನಲ್ಲಿ ಕೂರೋದು ಅಂದ್ರೆ ಏನು ಅಂತ ಅಮೆರಿಕದ ಮಿಶಿಗನ್ ರಾಜ್ಯದ ಹೈನುಗಾರರಿಗೆ ಚೆನ್ನಾಗಿ ಗೊತ್ತು. 1973ರಲ್ಲಿ ಅಲ್ಲಿನ ಒಂದು ಕಾರ್ಖಾನೆ ಎರಡು ಪುಡಿ ತಯಾರಿಸ್ತಿತ್ತು. ಒಂದು ಫೈರ್‌ಮಾಸ್ಟರ್, ಪ್ಲಾಸ್ಟಿಕ್ಕಿಗೆ ಹಾಕೋ ಬ್ರೋಮಿನ್‌ನ ಬೆಂಕಿ ತಡೆ. ಇನ್ನೊಂದು ನ್ಯೂಟ್ರಿಮಾಸ್ಟರ್, ದನಗಳಿಗೆ ಕೊಡೋ ಮೆಗ್ನೀಸಿಯಂ ಆಕ್ಸೈಡ್. ಚೀಲ ಅದಲು ಬದಲಾಗಿ ಬ್ರೋಮಿನ್ ಪುಡಿ ಪಶು ಆಹಾರದ ಮಿಲ್ಲಿಗೆ ಹೋಯ್ತು. ಹಸುಗಳು ಮೇವು ಬಿಟ್ಟವು, ಹಾಲು ಇಳೀತು, ಕರುಗಳು ಸತ್ತವು. ಫ್ರೆಡೆರಿಕ್ ಹಾಲ್ಬರ್ಟ್ ಅನ್ನೋ ಹೈನುಗಾರ, ಕೆಮಿಕಲ್ ಎಂಜಿನಿಯರಿಂಗ್ ಓದಿದ್ದ ಮನುಷ್ಯ, ಪಟ್ಟು ಬಿಡದೆ ಮೇವಿನ ಸ್ಯಾಂಪಲ್ ಪರೀಕ್ಷೆ ಮಾಡಿಸಿದರು. ಕಾರಣ ಗೊತ್ತಾಗುವಷ್ಟರಲ್ಲಿ 1974 ಬಂದಿತ್ತು. ಅಷ್ಟು ಹೊತ್ತಿಗೆ ಆ ಹಾಲು, ಮೊಟ್ಟೆ, ಮಾಂಸ ರಾಜ್ಯದ ಬಹುಪಾಲು ಜನರ ತಟ್ಟೆಗೆ ಹೋಗಿಯಾಗಿತ್ತು. ಸುಮಾರು 30 ಸಾವಿರ ದನಗಳನ್ನ, 15 ಲಕ್ಷ ಕೋಳಿಗಳನ್ನ ಕೊಂದು ಹೂಳಬೇಕಾಯ್ತು. ದಶಕಗಳಾದ ಮೇಲೂ ಅಲ್ಲಿನ ಜನರ ರಕ್ತದಲ್ಲಿ ಆ ರಾಸಾಯನಿಕ ಸಿಗ್ತಾ ಇದೆ.

ಅದು ಆಕಸ್ಮಿಕ ನಿಜ. ಆದ್ರೆ ನಮ್ಮಲ್ಲಿ ಚೀಲ ಅದಲು ಬದಲಾಗಬೇಕಿಲ್ಲ. ಮುರಿದ ಕುರ್ಚಿ, ಹಳೇ ವೈರು, ಪೈಪಿನ ತುಂಡು ಎಲ್ಲಾ ಊರ ಹೊರಗಿನ ತಿಪ್ಪೆಗೆ ಬೀಳುತ್ತೆ, ಸಂಜೆ ಯಾರೋ ಕಡ್ಡಿ ಗೀರ್ತಾರೆ. ಪಿವಿಸಿ ಪೈಪ್ ಸುಟ್ಟಾಗ ಬರೋ ಆ ಚುರುಚುರು ಗಾಟು ಕ್ಲೋರಿನ್‌ನ ಆಮ್ಲದ್ದು. ಆ ಬೂದಿ ಬಿದ್ದ ಜಾಗದಲ್ಲೇ ನಮ್ಮ ನಾಟಿ ಕೋಳಿ ಕೆದರುತ್ತೆ, ನಮ್ಮ ಹಸು ಮೇಯುತ್ತೆ. ಬಾಳೆ ನಾರಿನ ಹಲಗೆಯೂ ಒಂದು ದಿನ ಅದೇ ತಿಪ್ಪೆಗೆ ಬರೋದು. ಬ್ರೋಮಿನ್ ಬೆರೆಸಿದ್ದರೆ, ನನ್ನ ಹೊಲದಿಂದ ಹೋದ ನಾರು ವಿಷ ಹೊತ್ತುಕೊಂಡು ವಾಪಸ್ ಬಂದ ಹಾಗೆ.

ಕಾನೂನು ಇಲ್ವಾ ಅಂದ್ರೆ, ಇದೆ. ಸ್ಟಾಕ್‌ಹೋಮ್ ಒಪ್ಪಂದ ಅನ್ನೋ ಜಾಗತಿಕ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿದೆ. 2018ರಲ್ಲಿ ನಮ್ಮ ಸರ್ಕಾರ ಅದರ ಪಟ್ಟಿಯಲ್ಲಿರೋ ಕೆಲವು ಬ್ರೋಮಿನ್ ರಾಸಾಯನಿಕಗಳನ್ನ ನಿಷೇಧಿಸಿತು. ಇ-ತ್ಯಾಜ್ಯ ನಿಯಮದಲ್ಲೂ ಎರಡು ಗುಂಪುಗಳಿಗೆ ತೂಕದ 0.1 ಪರ್ಸೆಂಟ್ ಮಿತಿ ಇದೆ. ಸಮಸ್ಯೆ ಏನಂದ್ರೆ, ನಿಷೇಧ ಒಂದೊಂದೇ ಹೆಸರಿನ ಮೇಲೆ ಬರುತ್ತೆ. ಮಿಶಿಗನ್ನಿನ ರಾಸಾಯನಿಕ ನಿಂತ ಮೇಲೆ ಅದರ ದಾಯಾದಿ ಬಂತು. 2009ರಲ್ಲಿ ಆ ದಾಯಾದಿಗಳಲ್ಲಿ ಕೆಲವು ಒಪ್ಪಂದದ ಪಟ್ಟಿ ಸೇರಿದವು, ಇನ್ನೊಂದು ಉಳೀತು. ಅದು ಪಟ್ಟಿ ಸೇರೋಕೆ 2017 ಆಯ್ತು. ಅದಕ್ಕೇ "ನಿಷೇಧಿತ ರಾಸಾಯನಿಕ ಬಳಸಿಲ್ಲ" ಅನ್ನೋ ಉತ್ತರ ನನಗೆ ಸಾಲದು. "ಹ್ಯಾಲೊಜೆನ್ ಬಳಸಿಲ್ಲ" ಅನ್ನೋ ಉತ್ತರ ಬೇಕು.

ಬೇರೆ ದಾರಿ ನಮ್ಮ ಗೊಬ್ಬರದ ಅಂಗಡಿಯಲ್ಲೇ ಇದೆ

ಹ್ಯಾಲೊಜೆನ್ ಇಲ್ಲದೆ ಬೆಂಕಿ ತಡೆಯೋದು ಹೊಸದೇನಲ್ಲ. 1821ರಲ್ಲೇ ಫ್ರಾನ್ಸಿನ ಗೇ-ಲುಸಾಕ್ ಅನ್ನೋ ವಿಜ್ಞಾನಿ, ನಾಟಕ ಮಂದಿರಗಳ ಪರದೆಗೆ ಬೆಂಕಿ ಬೀಳದ ಹಾಗೆ ಮಾಡೋಕೆ ಅಮೋನಿಯಂ ಫಾಸ್ಫೇಟ್ ಮತ್ತು ಬೊರಾಕ್ಸ್ ಕೆಲಸಕ್ಕೆ ಬರುತ್ತೆ ಅಂತ ತೋರಿಸಿದ್ದರು. ಅಮೋನಿಯಂ ಫಾಸ್ಫೇಟ್ ಅಂದ್ರೆ ಯಾವುದು? ನಮ್ಮ ಡಿಎಪಿ ಆ ಜಾತಿಯದ್ದೇ.

ರಂಜಕದ ಕೆಲಸದ ರೀತಿ ಬ್ರೋಮಿನ್‌ಗಿಂತ ಪೂರ್ತಿ ಬೇರೆ. ಅದು ಜ್ವಾಲೆಯ ಹಿಂದೆ ಓಡೋದಕ್ಕಿಂತ ಹೆಚ್ಚಾಗಿ ನಾರಿನ ಮೇಲೇ ಕೆಲಸ ಮಾಡುತ್ತೆ. ಬಿಸಿಯಾದಾಗ ಫಾಸ್ಫಾರಿಕ್ ಆಮ್ಲವಾಗಿ ಬದಲಾಗಿ, ಸೆಲ್ಯುಲೋಸಿನಿಂದ ನೀರನ್ನ ಕಿತ್ತು ಅದನ್ನ ಇದ್ದಿಲು ಮಾಡುತ್ತೆ. ಉರಿಯೋ ಅನಿಲ ಆಗಬೇಕಿದ್ದದ್ದು ಇದ್ದಿಲಿನ ಪೊರೆಯಾಗಿ, ಒಳಗಿನ ಪ್ಲಾಸ್ಟಿಕ್ಕಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪಾಲಿಪ್ರೊಪಿಲೀನ್ ಉರಿದಾಗ ಇದ್ದಿಲನ್ನೇ ಬಿಡಲ್ಲ. ಇದ್ದಿಲಿಗೆ ಬೇಕಾದ ಕಚ್ಚಾ ಮಾಲು ಕೊಡೋದು ನಮ್ಮ ನಾರು. ಅಂದ್ರೆ ರಂಜಕ ಸೇರಿಸಿದ ಕೂಡಲೇ ಬತ್ತಿಯಾಗಿದ್ದ ನಾರು ಗುರಾಣಿಯಾಗೋಕೆ ಶುರುವಾಗುತ್ತೆ.

ಇದನ್ನ ನೀವೇ ನೋಡಬಹುದು. ಒಂದು ಲೀಟರ್ ನೀರಿಗೆ 100 ಗ್ರಾಂ ಡಿಎಪಿ ಹಾಕಿ ರಾತ್ರಿ ನೆನೆಸಿ, ತಿಳಿ ನೀರು ಬಸಿದುಕೊಳ್ಳಿ. ಹಳೇ ಹತ್ತಿ ಬಟ್ಟೆಯ ಮೂರು ಪಟ್ಟಿ ಹರಿದುಕೊಳ್ಳಿ. ಒಂದನ್ನ ಹಾಗೇ ಬಿಡಿ, ಎರಡನ್ನ ಆ ನೀರಲ್ಲಿ ಅದ್ದಿ ಒಣಗಿಸಿ. ಒಣಗಿದ ಎರಡರಲ್ಲಿ ಒಂದನ್ನ ಮತ್ತೆ ಬರೀ ನೀರಲ್ಲಿ ಚೆನ್ನಾಗಿ ಜಾಲಿಸಿ ಒಣಗಿಸಿ. ಬಯಲಲ್ಲಿ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ಒಂದೊಂದಕ್ಕೇ ಕಡ್ಡಿ ತಗುಲಿಸಿ. ಹೊಗೆಗೆ ಮುಖ ಒಡ್ಡಬೇಡಿ. ಮೊದಲನೆಯದು ಭಗ್ಗನೆ ಉರಿಯುತ್ತೆ. ಡಿಎಪಿ ಪಟ್ಟಿ ಕಪ್ಪಾಗಿ ಇದ್ದಿಲಾಗುತ್ತೆ, ಕಡ್ಡಿ ತೆಗೆದ್ರೆ ಉರಿ ಮುಂದಕ್ಕೆ ಹೋಗಲ್ಲ. ಜಾಲಿಸಿದ ಪಟ್ಟಿ ಮತ್ತೆ ಮೊದಲಿನ ಹಾಗೇ ಉರಿಯುತ್ತೆ.

ಆ ಮೂರನೇ ಪಟ್ಟಿಯಲ್ಲೇ ಕಾರ್ಖಾನೆಯ ಸವಾಲು ಇರೋದು. ನೀರಲ್ಲಿ ಕರಗೋದು ಮಳೆಗೆ, ಒದ್ದೆ ಬಟ್ಟೆಗೆ ಕರಗಿಹೋಗುತ್ತೆ. ಅದಕ್ಕೇ ಪ್ಲಾಸ್ಟಿಕ್ಕಿಗೆ ಹಾಕೋದು ಡಿಎಪಿ ಅಲ್ಲ, ಅಮೋನಿಯಂ ಪಾಲಿಫಾಸ್ಫೇಟ್. ಇದರ ಉದ್ದ ಸರಪಳಿಯ ರೂಪ ನೀರಲ್ಲಿ ಬಹಳ ಕಡಿಮೆ ಕರಗುತ್ತೆ. ಇದನ್ನ ಒಟ್ಟು ತೂಕದ ಸುಮಾರು 20ರಿಂದ 30 ಪರ್ಸೆಂಟ್ ಹಾಕ್ತಾರೆ. ಜೊತೆಗೆ ಸಾರಜನಕ ಇರೋ ಇನ್ನೊಂದು ಪದಾರ್ಥ ಸೇರಿಸಿದ್ರೆ, ಬಿಸಿಗೆ ಅನಿಲ ಬಿಟ್ಟು ಇದ್ದಿಲನ್ನ ಹಪ್ಪಳದ ಹಾಗೆ ಉಬ್ಬಿಸುತ್ತೆ. ಉಬ್ಬಿದ ಇದ್ದಿಲು ಶಾಖವನ್ನ ಇನ್ನೂ ಚೆನ್ನಾಗಿ ತಡೆಯುತ್ತೆ.

ಎರಡನೇ ದಾರಿ ಖನಿಜದ್ದು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅನ್ನೋ ಬಿಳಿ ಪುಡಿ ತನ್ನ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರನ್ನ ಒಳಗೇ ಹಿಡಿದಿರುತ್ತೆ. ಸುಮಾರು 200 ಡಿಗ್ರಿ ದಾಟಿದ ಮೇಲೆ ಆ ನೀರನ್ನ ಆವಿಯಾಗಿ ಬಿಡುತ್ತೆ, ಶಾಖ ಹೀರುತ್ತೆ, ಉರಿಯೋ ಅನಿಲವನ್ನ ತೆಳು ಮಾಡುತ್ತೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇದೇ ಕೆಲಸವನ್ನ 300 ಡಿಗ್ರಿಯ ಮೇಲೆ ಮಾಡುತ್ತೆ. ಮಿಶಿಗನ್ನಿನ ದನಗಳಿಗೆ ನಿಜವಾಗಿ ಸಿಗಬೇಕಿದ್ದ ಪುಡಿಯೂ ಇದೇ ಮೆಗ್ನೀಸಿಯಂ ಮನೆತನದ್ದು ಅನ್ನೋದು ನೆನಪಿರಲಿ. ಗಿಡದ ನಾರಿನ ಪ್ಲಾಸ್ಟಿಕ್ಕನ್ನ ಹೇಗಿದ್ರೂ 200 ಡಿಗ್ರಿಯೊಳಗೇ ಒತ್ತಬೇಕು, ಇಲ್ಲದಿದ್ರೆ ನಾರೇ ಕರಕಲಾಗುತ್ತೆ. ಹಾಗಾಗಿ ಈ ಪುಡಿಗಳಿಗೂ ನಾರಿಗೂ ಜೋಡಿ ಸರಿಹೊಂದುತ್ತೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹ್ಯಾಲೊಜೆನ್ ಫ್ರೀ ಅಂತ ಬರೆದ ವೈರ್ ನೋಡಿರ್ತೀರಿ. ಅಂಥ ವೈರುಗಳ ಹೊದಿಕೆಯಲ್ಲಿ ಸಾಮಾನ್ಯವಾಗಿ ಇರೋದು ಇಂಥವೇ ಖನಿಜ ಪುಡಿಗಳು. ವೈರಿನಲ್ಲಿ ಆಗಿರೋದು ಹಲಗೆಯಲ್ಲಿ ಆಗಲ್ಲ ಅನ್ನೋಕೆ ಕಾರಣವಿಲ್ಲ.

ಮೂರನೇ ದಾರಿ ರೆಸಿನ್ ಬದಲಿಸೋದು. ಬೆಂಗಳೂರಿನ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, ಬಿದಿರಿನ ಚಾಪೆಗೆ ಫಿನಾಲಿಕ್ ರೆಸಿನ್ ಹಾಕಿ ಒತ್ತಿ ಚಾವಣಿಯ ಸುಕ್ಕು ಶೀಟು ಮಾಡಿ ತೋರಿಸಿದೆ. ಫಿನಾಲಿಕ್ ರೆಸಿನ್ ಪಾಲಿಪ್ರೊಪಿಲೀನ್ ಹಾಗೆ ಕರಗಿ ಹನಿಯಲ್ಲ, ತಾನೇ ಇದ್ದಿಲಾಗುತ್ತೆ. ಬೆಂಕಿಯ ವಿಷಯದಲ್ಲಿ ಅದರ ಅರ್ಧ ಕೆಲಸ ಹುಟ್ಟಿನಿಂದಲೇ ಮುಗಿದಿರುತ್ತೆ.

ನಾಲ್ಕನೆಯದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಆದ್ರೆ ನಮಗೆ ಹತ್ತಿರದ್ದು. ಅಕ್ಕಿ ತೌಡಿನಲ್ಲಿ ಫೈಟಿಕ್ ಆಮ್ಲ ಇರುತ್ತೆ. ಕೋಳಿ ಸಾಕೋರಿಗೆ ಇದು ಗೊತ್ತು, ತೌಡಿನ ರಂಜಕ ಕೋಳಿಗೆ ದಕ್ಕಲಿ ಅಂತ ಆಹಾರಕ್ಕೆ ಫೈಟೇಸ್ ಕಿಣ್ವ ಬೆರೆಸ್ತಾರೆ. ಅದೇ ಫೈಟಿಕ್ ಆಮ್ಲದ ಒಂದೊಂದು ಅಣುವಿನಲ್ಲಿ ಆರು ಫಾಸ್ಫೇಟ್ ಗುಂಪುಗಳಿವೆ, ಹಾಗಾಗಿ ಇದನ್ನ ಬೆಂಕಿ ತಡೆಯಾಗಿ ಹಲವು ದೇಶಗಳ ಲ್ಯಾಬುಗಳು ಪರೀಕ್ಷಿಸ್ತಿವೆ. ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಾಳೆ ಕಾಂಡದ ರಸವನ್ನೇ ಹತ್ತಿ ಬಟ್ಟೆಗೆ ಕೊಟ್ಟು ನೋಡಿದ್ದಾರೆ. ಬಟ್ಟೆಯ ಆಕ್ಸಿಜನ್ ಸೂಚ್ಯಂಕ 18ರಿಂದ 30ಕ್ಕೆ ಏರಿತು. ಅದು ಬಟ್ಟೆಯ ಮಾತು, ಪ್ಲಾಸ್ಟಿಕ್ಕಿಗೆ ಹಾಗೇ ಅನ್ವಯ ಆಗಲ್ಲ. ಆದ್ರೂ ನಾರು ತೆಗೆದ ಮೇಲೆ ಚರಂಡಿಗೆ ಬಿಡೋ ರಸಕ್ಕೆ ಬೆಲೆ ಇದೆ ಅಂತಾದ್ರೂ ಇದರಿಂದ ಗೊತ್ತಾಗುತ್ತೆ.

ಎದುರು ಮಾತುಗಳು

ಹ್ಯಾಲೊಜೆನ್ ಬೇಡ ಅಂದಾಗ ಕಾರ್ಖಾನೆಯವರು ಹೇಳೋ ಮಾತುಗಳಲ್ಲಿ ನ್ಯಾಯ ಇದೆ, ಅದನ್ನೂ ಕೇಳೋಣ.

"ಖನಿಜ ಪುಡಿ ಅರ್ಧಕ್ಕರ್ಧ ಹಾಕಬೇಕು, ಹಲಗೆ ಭಾರ ಆಗುತ್ತೆ, ಬಲ ಕಡಿಮೆ ಆಗುತ್ತೆ." ನಿಜ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ 50ರಿಂದ 60 ಪರ್ಸೆಂಟ್ ಹಾಕಿದ್ರೇ ಪೂರ್ತಿ ಕೆಲಸ. ಅದಕ್ಕೇ ಖನಿಜವನ್ನೂ ರಂಜಕವನ್ನೂ ಹೊಂದಿಸಿ ಹಾಕೋದು, ನಾರಿಗೆ ಮೊದಲೇ ಸಂಸ್ಕಾರ ಮಾಡೋದು, ಬರೀ ಮೇಲ್ಪದರಕ್ಕೆ ಬೆಂಕಿ ತಡೆ ಕೊಡೋದು, ಹೀಗೆ ಬೇರೆ ಬೇರೆ ಉಪಾಯ ಮಾಡ್ತಾರೆ. ಎಲ್ಲಾ ಹಲಗೆಗೂ ವಿ-ಝೀರೊ ಬೇಕಿಲ್ಲ. ಹೂಕುಂಡಕ್ಕೆ ಒಂದು ದರ್ಜೆ, ರೈಲಿಗೆ ಒಂದು ದರ್ಜೆ.

"ಖರ್ಚು ಜಾಸ್ತಿ." ಇರಬಹುದು. ಆದ್ರೆ ಬ್ರೋಮಿನ್ ಹಲಗೆಯ ನಿಜವಾದ ಖರ್ಚು ಬಿಲ್ಲಿನಲ್ಲಿ ಇರಲ್ಲ, ಹದಿನೈದು ವರ್ಷ ಆದ ಮೇಲೆ ತಿಪ್ಪೆಯ ಹೊಗೆಯಲ್ಲಿ ಇರುತ್ತೆ. ಆ ಬಾಕಿ ಕಟ್ಟೋದು ಕಂಪನಿ ಅಲ್ಲ, ಊರು.

"ರಂಜಕ ಆಮದು ಮಾಲು, ಅನ್ನ ಬೆಳೆಯೋ ಗೊಬ್ಬರವನ್ನ ಪ್ಲಾಸ್ಟಿಕ್ಕಿಗೆ ಹಾಕ್ತೀರಾ?" ಈ ಪ್ರಶ್ನೆ ನನ್ನನ್ನೂ ಕಾಡುತ್ತೆ. ಡಿಎಪಿ ಸಾಲಿನಲ್ಲಿ ನಿಂತ ಯಾರನ್ನೂ ಕಾಡಬೇಕು. ಭಾರತ ರಂಜಕದ ಬಹುಪಾಲನ್ನ ಹೊರಗಿನಿಂದ ತರಿಸಿಕೊಳ್ಳುತ್ತೆ. ಹಾಗಾಗಿ ತೌಡಿನ ಫೈಟಿಕ್ ಆಮ್ಲ, ನಾರಿನಲ್ಲೇ ಇರೋ ಲಿಗ್ನಿನ್, ಖನಿಜ ಪುಡಿ, ಇವುಗಳ ಕಡೆ ಹೆಚ್ಚು ದುಡ್ಡು, ಹೆಚ್ಚು ಸಂಶೋಧನೆ ಹೋಗಲಿ ಅನ್ನೋದು ನನ್ನ ನಿಲುವು. ಬ್ರೋಮಿನ್‌ಗೆ ವಾಪಸ್ ಹೋಗೋಕೆ ಇದು ನೆಪ ಆಗಬಾರದು.

"ಹ್ಯಾಲೊಜೆನ್ ಇಲ್ಲ ಅಂದ ಮಾತ್ರಕ್ಕೆ ಎಲ್ಲಾ ಅಮೃತವೇ?" ಅಲ್ಲ. ಬೋರಿಕ್ ಆಮ್ಲ ಸಂತಾನಶಕ್ತಿಗೆ ತೊಂದರೆ ಮಾಡಬಲ್ಲದು ಅಂತ ಯುರೋಪಿನಲ್ಲಿ ಕಾಳಜಿಯ ಪಟ್ಟಿಯಲ್ಲಿದೆ. ಫಿನಾಲಿಕ್ ರೆಸಿನ್ ಸರಿಯಾಗಿ ಬೇಯದಿದ್ರೆ ಫಾರ್ಮಾಲ್ಡಿಹೈಡ್ ಬಿಡುತ್ತೆ. ರಂಜಕದ ಹೆಸರು ಹೇಳಿ ಒಳಗೆ ಕ್ಲೋರಿನ್ ಇರೋ ರಾಸಾಯನಿಕಗಳೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ಹಲಗೆಯ ಮೇಲೆ ಎಲೆಯ ಚಿತ್ರ ಇದ್ರೆ ಸಾಲದು, ಒಳಗೆ ಏನಿದೆ ಅಂತ ಹೆಸರು ಹಿಡಿದು ಕೇಳಬೇಕು.

ನಮ್ಮ ಕೈಯಲ್ಲಿರೋ ಕೆಲಸ

ಬೆಂಕಿ ತಡೆ ಬೆರೆಸೋದು ಕಾರ್ಖಾನೆಯ ಕೆಲಸ, ಹೊಲದ ಕೆಲಸ ಅಲ್ಲ. ನಾರಿಗೆ ಡಿಎಪಿ ಅದ್ದಿ "ಫೈರ್‌ಪ್ರೂಫ್" ಅಂತ ಮಾರೋಕೆ ಹೋಗಬೇಡಿ, ಮೂರನೇ ಪಟ್ಟಿ ಏನಾಯ್ತು ನೋಡಿದ್ರಲ್ಲ. ನಮ್ಮ ಕೈಯಲ್ಲಿರೋದು ನಾರಿನ ಶುದ್ಧಿ.

ಬಾಳೆಗೆ ನಾವು ಹಾಕೋ ಎಂಒಪಿ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್. ಕಾಂಡದ ರಸದಲ್ಲಿ ಆ ಉಪ್ಪು ಇದ್ದೇ ಇರುತ್ತೆ. ಇದು ಬ್ರೋಮಿನ್ ರಾಸಾಯನಿಕದ ಹಾಗೆ ಕೊಬ್ಬಿನಲ್ಲಿ ಕೂರೋದಲ್ಲ, ಸಾದಾ ಉಪ್ಪು. ಆದ್ರೆ ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡಿನ ಹ್ಯಾಲೊಜೆನ್ ಫ್ರೀ ಮಾನದಂಡ ನೋಡಿ: ಬ್ರೋಮಿನ್ 900 ಪಿಪಿಎಂ, ಕ್ಲೋರಿನ್ 900 ಪಿಪಿಎಂ, ಎರಡೂ ಸೇರಿ 1500 ಪಿಪಿಎಂ ದಾಟಬಾರದು. ಒಟ್ಟು ಕ್ಲೋರಿನ್ ಲೆಕ್ಕ ಹಾಕೋ ಯಂತ್ರಕ್ಕೆ ಅದು ಗೊಬ್ಬರದಿಂದ ಬಂತೋ ರಾಸಾಯನಿಕದಿಂದ ಬಂತೋ ಗೊತ್ತಾಗಲ್ಲ. ಮೇಲಾಗಿ ಉಪ್ಪು ಗಾಳಿಯ ತೇವ ಎಳೆಯುತ್ತೆ. ಆದ್ದರಿಂದ ನಾರು ತೆಗೆದ ದಿನವೇ ಒಳ್ಳೇ ನೀರಿನಲ್ಲಿ ಎರಡು ಸಲ ತೊಳೆಯಿರಿ. ತೊಳೆದ ನೀರನ್ನ ತೋಟಕ್ಕೇ ಬಿಡಿ, ಪೊಟ್ಯಾಷ್ ವಾಪಸ್ ಬರುತ್ತೆ. ನಾರಿಗೆ ಅಂಟಿದ ತಿರುಳನ್ನ ಕೆರೆದು ತೆಗೆಯಿರಿ, ನೆರಳು ಗಾಳಿಯಲ್ಲಿ ಗರಿಗರಿ ಒಣಗಿಸಿ, ಬೂಷ್ಟು ಹಿಡಿದದ್ದನ್ನ ಬೇರೆ ಇಡಿ. ಯಾವ ತೋಟ, ಯಾವ ತಳಿ, ಯಾವ ದಿನ ಅಂತ ಪ್ರತಿ ಕಟ್ಟಿಗೂ ಚೀಟಿ ಕಟ್ಟಿ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. 100 ಕೆಜಿ ಹಸಿ ಕಾಂಡಕ್ಕೆ ಸಿಗೋದು 1 ಕೆಜಿ ಆಸುಪಾಸು ಒಣ ನಾರು. ಕಾಂಡವನ್ನ ಕೊಚ್ಚಿ ಗಿಡದ ಬುಡಕ್ಕೆ ಹಾಕಿದ್ರೂ ಅದು ವ್ಯರ್ಥ ಅಲ್ಲ, ಹೊದಿಕೆ ಆಗುತ್ತೆ, ಗೊಬ್ಬರ ಆಗುತ್ತೆ. ಅಂದ್ರೆ ನಾರು ಮಾರಲೇಬೇಕು ಅನ್ನೋ ದರ್ದು ನಮಗಿಲ್ಲ. ದರ್ದು ಇಲ್ಲದೋರಿಗೆ ಷರತ್ತು ಹಾಕೋ ಧೈರ್ಯ ಇರಬೇಕು. ಒಬ್ಬೊಬ್ಬರೇ ಕೇಳಿದ್ರೆ ನಡೆಯಲ್ಲ ಅನ್ನೋದೂ ನಿಜ, ಅದಕ್ಕೇ ಎಫ್‌ಪಿಒ ಇರೋದು.

ಮುಂದಿನ ಸಲ ನಾರು ಕೊಳ್ಳೋರು ಫೋನ್ ಮಾಡಿದಾಗ, ರೇಟಿನ ಮಾತು ಮುಗಿಯೋ ಮೊದಲೇ ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನ ಮೆಸೇಜಿನಲ್ಲಿ ಬರೆದು ಕಳಿಸಿ ಅನ್ನಿ:

1. ನಮ್ಮ ನಾರಿನಿಂದ ಏನು ಮಾಡ್ತೀರಿ, ಅದಕ್ಕೆ ಯಾವ ಬೆಂಕಿ ಪರೀಕ್ಷೆ ಬೇಕು?

2. ಬೆಂಕಿ ತಡೆಗೆ ಏನು ಬೆರೆಸ್ತೀರಿ? ಕಂಪನಿಯ ಬ್ರ್ಯಾಂಡ್ ಹೆಸರು ಬೇಡ, ರಾಸಾಯನಿಕದ ಹೆಸರು ಹೇಳಿ.

3. ಬ್ರೋಮಿನ್ ಎಷ್ಟು, ಕ್ಲೋರಿನ್ ಎಷ್ಟು ಅಂತ ಪರೀಕ್ಷೆಯ ವರದಿ ಇದೆಯಾ? ಕೈಯಲ್ಲಿ ಹಿಡಿಯೋ ಎಕ್ಸ್‌ಆರ್‌ಎಫ್ ಯಂತ್ರ ಹಲಗೆಯಲ್ಲಿ ಬ್ರೋಮಿನ್ ಇದೆಯೋ ಇಲ್ಲವೋ ಅಂತ ಸ್ವಲ್ಪ ಹೊತ್ತಿನಲ್ಲೇ ತೋರಿಸುತ್ತೆ, ಹಾಗಾಗಿ ವರದಿ ಕಷ್ಟ ಅನ್ನೋ ಮಾತು ನಂಬಬೇಡಿ.

4. ಹಲಗೆ ಹಳೆಯದಾದ ಮೇಲೆ ಯಾರು ವಾಪಸ್ ತಗೊಳ್ತೀರಿ?

ನಾಲ್ಕಕ್ಕೂ ನೇರ ಉತ್ತರ ಕೊಟ್ಟವರಿಗೆ ತೊಳೆದ, ಒಣಗಿದ, ಚೀಟಿ ಕಟ್ಟಿದ ನಾರನ್ನ ಒಳ್ಳೇ ರೇಟಿಗೆ ಕೊಡಿ. "ಅದೆಲ್ಲಾ ನಿಮಗ್ಯಾಕೆ" ಅಂದವರಿಗೆ ಫೋನ್ ಇಡಿ. ಕಾಂಡವನ್ನ ಕೊಚ್ಚಿ ಬಾಳೆ ಬುಡಕ್ಕೇ ಹಾಕಿ.